ಎಬ್ಬಿಸುವ ಔಷಧ

ಔಷಧಕ್ಕೆ ಔಷಧ ಕೂಡಬಾರದು ಅನ್ನುವುದು ನಮ್ಮ ಅವ್ವನ ಕಾನೂನು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದ ದಿನ ಕಷಾಯ ಕುಡಿಯುವಂತಿಲ್ಲ, ನಾಟಿ ಬೇರು ಅರೆದು ಕುಡಿದ ದಿನ ಗುಳಿಗೆ ಮುಟ್ಟುವಂತಿಲ್ಲ. ಎರಡೂ ಕೂಡಿದರೆ ಹೊಟ್ಟೆಯೊಳಗೆ ಜಗಳಕ್ಕೆ ಬೀಳುತ್ತವೆ, ರೋಗ ಕಟ್ಟೆಯ ಮೇಲೆ ಕುಂತು ಮೋಜು ನೋಡುತ್ತದೆ ಅನ್ನುತ್ತಾಳೆ. ದೇವರಿಗೆ ಈ ಕಾನೂನು ಇಲ್ಲ. ಹತ್ತಿಮತ್ತೂರಿನ ನನ್ನ ತವರುಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ, ಪಕ್ಕದಲ್ಲೇ ಯಲ್ಲಮ್ಮ ಇದ್ದಾಳೆ, ಇಬ್ಬರಿಗೂ ಒಂದೇ ಊದಿನಕಡ್ಡಿ. ಇವರು ಜಗಳಾಡುವುದಿಲ್ಲವೇ ಅಂತ ಕೇಳಿದರೆ, "ದ್ಯಾವರಿಗೆ ತಿಳುವಳಿಕಿ ಇರತೈತಿ, ಗುಳಿಗಿಗೆ ಎಲ್ಲಿಂದ ಬರಬೇಕು?" ಅನ್ನುತ್ತಾಳೆ. ಇಂಥ ಹೆಣ್ಣುಮಗಳಿಗೆ ಹುಬ್ಬಳ್ಳಿಯ ಆಸ್ಪತ್ರೆಯವರು ಒಟ್ಟಿಗೆ ಮೂರು ಚಿಕಿತ್ಸೆ ಹೇಳಿದರು.

ನಾನು ಹಾನಗಲ್ಲಿನ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತೇನೆ. ಭತ್ತ ಮಾರಲು ಬಂದವರು, ಕಚೇರಿಗೆ ಅಲೆಯಲು ಬಂದವರು, ಹಾವೇರಿ ಬಸ್ಸು ತಪ್ಪಿಸಿಕೊಂಡವರು ನನ್ನ ಗಿರಾಕಿಗಳು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹತ್ತಿರ ಬಂದಳು, ರೊಟ್ಟಿ ಬಡಿಯುವುದು ಅವಳ ಕೆಲಸವಾಯಿತು. ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುವವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಜ್ವರವೋ, ಹೆಂಡತಿಯ ಕೂಡ ಜಗಳವೋ ಅಂತ ಕೇಳಿಯೇ ಕೇಳುತ್ತೇನೆ. ಆದರೆ ಅವ್ವ ಉಣ್ಣುವುದನ್ನು ನೋಡಿದ್ದು ಕಡಿಮೆ. ನಮ್ಮಲ್ಲಿ ರೊಟ್ಟಿ ಬಡಿದವಳು ಎಲ್ಲರದೂ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಕುಂತು ಉಣ್ಣುತ್ತಾಳೆ. ಅವ್ವ ಮೊದಮೊದಲು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡಳಂತೆ, ಆಮೇಲೆ ನುಚ್ಚಿಗೆ ಇಳಿದಳಂತೆ, ಕೊನೆಗೆ ಬರೀ ಮಜ್ಜಿಗೆ. ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಮಜ್ಜಿಗೆಯೂ ಇಳಿಯದೆ ಹಿತ್ತಲಿಗೆ ಓಡಿದಳು. ನಾನು ಹಿಂದೆಯೇ ಹೋದೆ.

"ಏನಾತಬೇ?"

"ಏನಿಲ್ಲ. ಎದ್ಯಾಗ ನಿಂತಂಗ ಆಗತೈತಿ."

"ಯಾವಾಗಿಂದ?"

"ಹೋಳಿ ಹುಣ್ಣಿವಿಂದ."

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಯಾಕೆ ಇದ್ದೆ ಅಂತ ಕೂಗಾಡಿದೆ. "ಹೇಳಿದ್ರ ನೀ ಒಲಿ ಮುಂದ ಕುಂದ್ರಾಕ ಬಿಡತಿದ್ದಿಲ್ಲ" ಅಂದಳು. ಅದು ನಿಜವೇ ಆಗಿತ್ತು, ಹಾಗಾಗಿ ಇನ್ನಷ್ಟು ಕೂಗಾಡಿದೆ.

ಓಣಿಯ ಡಾಕ್ಟರು ಪಿತ್ತ ಅಂದರು, ಬಾಟಲಿಯೊಳಗಿನ ಗುಲಾಬಿ ಬಣ್ಣದ ಔಷಧ ಕೊಟ್ಟರು. ಬಾಜೂ ಮನೆಯವರು ದೃಷ್ಟಿ ಅಂದರು, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಆಮೇಲೆ ಹಾವೇರಿಯಲ್ಲಿ ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿದರು, ಹುಬ್ಬಳ್ಳಿಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು. ಅನ್ನನಾಳದ ಕ್ಯಾನ್ಸರ್ ಅಂತ ಹೇಳಿದರು. ತಂಬಾಕು ತಿನ್ನುತ್ತೀರಾ ಅಂತ ಅಲ್ಲಿನ ಡಾಕ್ಟರಮ್ಮ ಕೇಳಿದಾಗ ಅವ್ವ, "ಹಲ್ಲನೋವಿಗೆ ಹಚಗೊಂಡಿದ್ದೆರಿ" ಅಂದಳು. ಆ ಹಲ್ಲು ಬಿದ್ದು ಇಪ್ಪತ್ತು ವರ್ಷ ಆಗಿರಬೇಕು. ತಂಬಾಕು ಮಾತ್ರ ಇನ್ನೂ ಸೆರಗಿನ ಗಂಟಿನಲ್ಲಿತ್ತು.

ಡಾಕ್ಟರಮ್ಮ ನಮ್ಮ ಕಡೆಯವರೇ, ನನಗಿಂತ ಸಣ್ಣ ವಯಸ್ಸು. ಗಡ್ಡೆ ಉಸಿರಿನ ಕೊಳವೆಗೆ ಆತುಕೊಂಡಿದೆ, ಆಪರೇಷನ್ ಮಾಡಲು ಬರುವುದಿಲ್ಲ ಅಂದರು. ದಿನಾ ಕರೆಂಟು ಇಡಬೇಕು, ಅಂದರೆ ರೇಡಿಯೇಷನ್. ಅದರ ಜೊತೆ ವಾರಕ್ಕೊಮ್ಮೆ ಕೀಮೋ. ಇವೆರಡನ್ನೂ ಬಹಳ ವರ್ಷದಿಂದ ಕೂಡಿಸಿಯೇ ಕೊಡುತ್ತಾರಂತೆ. ಇವುಗಳ ಜೊತೆ ಮೂರನೆಯದೊಂದನ್ನು ಸೇರಿಸಿದರೆ ಹೆಚ್ಚು ಗುಣ ಕಾಣುತ್ತದೆಯೇ ಅಂತ ಆ ಆಸ್ಪತ್ರೆಯಲ್ಲಿ ನೋಡುತ್ತಿದ್ದರು. ಒಪ್ಪಿದರೆ ಪುಕ್ಕಟೆ ಕೊಡುತ್ತೇವೆ, ಒಪ್ಪದಿದ್ದರೆ ಮೊದಲಿನ ಎರಡು ಹೇಗೂ ಇವೆ, ಜುಲುಮೆ ಇಲ್ಲ ಅಂದರು.

"ಆ ಮೂರನೇದು ಏನ್ ಮಾಡತೈತ್ರಿ?" ಅಂತ ಕೇಳಿದೆ.

"ಅದು ನೇರ ಕ್ಯಾನ್ಸರ್‌ನ ಕೊಲ್ಲೂದಿಲ್ರಿ. ನಮ್ಮ ಮೈಯಾಗ ರೋಗದ ಕೂಡ ಹೊಡದಾಡೋ ಕಣ ಇರ್ತಾವಲ್ಲ, ಅವನ್ನ ಈ ಕ್ಯಾನ್ಸರ್ ಸುಮ್ಮನ ಕುಂದರಿಸಿರತೈತಿ. ಈ ಔಷಧ ಅವನ್ನ ಎಬ್ಬಸತೈತಿ."

"ಕೀಮೋ ಕೊಟ್ರ ರಕ್ತದಾಗಿನ ಬಿಳಿ ಕಣ ಕಡಿಮಿ ಆಗ್ತಾವ ಅಂದ್ರಿ. ಒಂದು ಹೊಡಿಯೂದು, ಒಂದು ಎಬ್ಬಸೂದು. ಇದ್ಯಾವ ಲೆಕ್ಕರಿ?"

ಅವರು ನಕ್ಕರು. ಕರೆಂಟು ಮತ್ತು ಕೀಮೋ ಗಡ್ಡೆಯನ್ನು ಒಡೆದಾಗ ಅದರ ಚೂರುಗಳು ಹೊರಗೆ ಬೀಳುತ್ತವೆ, ಎದ್ದ ಕಣಗಳಿಗೆ ಆಗ ಕಳ್ಳನ ಗುರುತು ಸಿಗುತ್ತದೆ, ಅದಕ್ಕೇ ಕೂಡಿಸುವುದು ಅಂತ ಚಿತ್ರ ಬರೆದು ತೋರಿಸಿದರು. "ಕೂಡಿಸಿದ್ರ ಖರೇನ ಚಲೋ ಆಗತೈತೋ ಇಲ್ಲೋ ಅನ್ನೂದು ಇನ್ನೂ ಪೂರ್ತಿ ಗೊತ್ತಿಲ್ರಿ. ಅದನ್ನಽ ನೋಡಾಕತ್ತೇವಿ" ಅಂತಲೂ ಹೇಳಿದರು. ಡಾಕ್ಟರಾದವರು ಗೊತ್ತಿಲ್ಲ ಅನ್ನುವುದನ್ನು ನಾನು ಅದೇ ಮೊದಲು ಕೇಳಿದ್ದು. ಗೊತ್ತಿದೆ ಅಂತ ಸುಳ್ಳು ಹೇಳಿದ್ದರೆ ನನಗೆ ಸ್ವಲ್ಪ ನೆಮ್ಮದಿಯಾದರೂ ಆಗುತ್ತಿತ್ತು.

ಆ ಚಿತ್ರ ಬಸ್ಸಿನಲ್ಲಿ ಶಿಗ್ಗಾವಿ ದಾಟುವ ತನಕ ನನ್ನ ತಲೆಯಲ್ಲಿ ನೆಟ್ಟಗೆ ಇತ್ತು. ಆಮೇಲೆ ಕಲಸಿಹೋಯಿತು. ಯಾವುದು ಯಾವುದನ್ನು ಹೊಡೆಯುತ್ತದೆ, ಯಾವುದು ಯಾವುದನ್ನು ಎಬ್ಬಿಸುತ್ತದೆ, ಒಂದೂ ಹಿಡಿತಕ್ಕೆ ಸಿಗಲಿಲ್ಲ. ಔಷಧಕ್ಕೆ ಔಷಧ ಕೂಡಿಸುವವರ ಸಹವಾಸ ಬೇಡ ಅಂತ ಅವ್ವ ಹಟ ಹಿಡಿಯುತ್ತಾಳೆ, ನಿರ್ಧಾರ ಅವಳ ಮೇಲೆ ಹಾಕಿ ನಾನು ಪಾರಾಗಬಹುದು ಅಂದುಕೊಂಡಿದ್ದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಾ, "ಕೊಡ್ಲಿ" ಅಂದಳು.

"ಮೂರೂ ಕೂಡಿಸಿ?"

"ಮೂರು ಎಲ್ಲಿ ಅದಾವ? ಎರಡಽ. ಅದು ಔಷಧ ಅಲ್ಲ. ಹೊಲ ಕಾಯಾವ ಮಲಗ್ಯಾನ, ಅವನ್ನ ಎಬ್ಬಸ್ತಾರ, ಅಷ್ಟಽ. ಮಲಗಿದಾವನ್ನ ಎಬ್ಬಸಾಕ ಔಷಧ ಬೇಕೇನು?"

ಹೀಗೆ ಅವಳ ಕಾನೂನೂ ಉಳಿಯಿತು, ಮೂರನೆಯದಕ್ಕೂ ಜಾಗ ಸಿಕ್ಕಿತು. ಅವತ್ತಿನಿಂದ ಕೀಮೋ ಅವಳ ಬಾಯಲ್ಲಿ 'ಆ ಹೊಲಸು', ರೇಡಿಯೇಷನ್ 'ಕರೆಂಟು', ಮೂರನೆಯದು ಮಾತ್ರ 'ನನ್ನದು'.

ಚಿಕ್ಕೇರೂರಿನಲ್ಲಿರುವ ನಮ್ಮ ಅಕ್ಕ ಹೊಲಮನೆಯನ್ನು ಗಂಡನಿಗೆ ಬಿಟ್ಟು ಬಂದು, ಹುಬ್ಬಳ್ಳಿಯಲ್ಲಿ ಅವ್ವನ ಜೊತೆ ಒಂದು ಧರ್ಮಶಾಲೆಯಲ್ಲಿ ಉಳಿದಳು. ನಾನು ಕೀಮೋ ದಿನ ಖಾನಾವಳಿ ಮುಚ್ಚಿ ಹೋಗುತ್ತಿದ್ದೆ. ಆ ವಾರಗಳನ್ನು ನೆನೆಸಿಕೊಳ್ಳಲು ಈಗಲೂ ಮನಸ್ಸಿಲ್ಲ. ಗಂಟಲು ಒಳಗಿನಿಂದ ಸುಟ್ಟಂತಾಗಿ ಉಗುಳು ನುಂಗಲೂ ಅಳುತ್ತಿದ್ದಳು. ಮೂಗಿನಿಂದ ನಳಿಗೆ ಹಾಕಿ ಹಾಲು ಬಿಟ್ಟರು. ಸಾಕು, ಮನೆಗೆ ಕರೆದುಕೊಂಡು ಹೋಗೋಣ ಅಂತ ನಾನೇ ಒಮ್ಮೆ ಅಂದೆ. ಬೇಡ ಅಂತ ಅವ್ವ ಕೈ ಅಲ್ಲಾಡಿಸಿದಳು, ಮೇಲೆ ತೂಗುತ್ತಿದ್ದ ಬಾಟಲಿಯ ಕಡೆ ಬೆರಳು ತೋರಿಸಿದಳು. ಅದು ಬರೀ ಗ್ಲುಕೋಸು. ಅವಳು 'ನನ್ನದು' ಅಂದುಕೊಂಡಿದ್ದಳು.

ಕರೆಂಟು ಮುಗಿದು ಕೆಲವು ದಿನಕ್ಕೆ ಗಂಟಲು ಮಾಯಿತು. ನಳಿಗೆ ತೆಗೆದರು. ನೀರು ಇಳಿಯಿತು, ಗಂಜಿ ಇಳಿಯಿತು. ಮೂರನೆಯದನ್ನು ಮಾತ್ರ ಮೂರು ವಾರಕ್ಕೊಮ್ಮೆ ಮುಂದುವರಿಸಬೇಕು ಅಂದರು. ನಮ್ಮ ಖಾನಾವಳಿಯ ಒಗ್ಗರಣೆ ಘಾಟು ಬೇಡ ಅಂತ ಅವ್ವನನ್ನು ಅಕ್ಕ ಚಿಕ್ಕೇರೂರಿಗೆ ಕರೆದುಕೊಂಡು ಹೋದಳು. ಪ್ರತಿ ಸಲ ಅದರ ಸಲೈನ್ ಹಚ್ಚುವಾಗಲೂ ಡಾಕ್ಟರಮ್ಮ ನನ್ನನ್ನೂ ಅವ್ವನನ್ನೂ ಕೂರಿಸಿ ಹೇಳುತ್ತಿದ್ದರು: ದಮ್ಮು ಹತ್ತಿದರೆ, ಕೆಮ್ಮು ಬಂದರೆ, ಭೇದಿ ಹತ್ತಿದರೆ ತಡ ಮಾಡದೆ ಫೋನ್ ಮಾಡಿ, ಅಂಗಡಿಯ ಗುಳಿಗೆ ತಗೋಬೇಡಿ. ನಾನು ದಿನಾ ಫೋನ್ ಮಾಡಿ ಕೇಳುತ್ತಿದ್ದೆ. ಅವ್ವ ದಿನಾ, "ಎಲ್ಲಾ ಆರಾಮ ಐತಿ" ಅನ್ನುತ್ತಿದ್ದಳು.

ಒಂದು ದಿನ ಬದನೆಕಾಯಿ ಹೆಚ್ಚುತ್ತಾ ಫೋನ್ ಹಚ್ಚಿದೆ. ಅಕ್ಕ ಎತ್ತಿದಳು. ದನಿಯಲ್ಲಿ ಹಬ್ಬದ ಸಂಭ್ರಮ.

"ಔಷಧ ಚಲೋ ಹತ್ತೇತಿ ನೋಡು. ರೋಗ ಹೊರಗ ಬೀಳಾಕತ್ತೈತಿ."

"ಹೊರಗ ಬೀಳೂದಂದ್ರ?"

"ಹೊಟ್ಟಿ ತೊಳದಂಗ ಆಗಾಕತ್ತೈತಿ. ಕುಂತಲ್ಲಿ ನಿಂತಲ್ಲಿ ಹೋಗಾಕತ್ತಾಳ. ನಾ ಹೇಳಿದ್ದು ಅವ್ವಗ ಹೇಳಬ್ಯಾಡ, ನಿನಗ ತಿಳಿಸಬ್ಯಾಡ ಅಂದಾಳ."

"ಯಾವಾಗಿಂದ?"

"ಅಮಾಸಿ ಮರುದಿನದಿಂದ, ನಾಕೈದು ದಿನಾ ಆತು."

ಇದನ್ನು ತಿಳಿಯಬೇಕಾದರೆ ನಮ್ಮ ಮನೆಯ ರೂಢಿ ಗೊತ್ತಿರಬೇಕು. ನಾವು ಸಣ್ಣವರಿದ್ದಾಗ ಮಳೆಗಾಲ ಹಿಡಿಯುವ ಮೊದಲು ಅವ್ವ ನಮ್ಮನ್ನು ಸಾಲಾಗಿ ಕೂರಿಸಿ, ಮೂಗು ಹಿಡಿದು ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸುತ್ತಿದ್ದಳು. ಇಡೀ ದಿನ ಹಿತ್ತಲಿಗೆ ಓಡಾಟ. ಎಷ್ಟು ಹೋದರೆ ಅಷ್ಟು ಒಳ್ಳೆಯದು, ವರ್ಷದ ಹೊಲಸೆಲ್ಲ ಹೊರಗೆ. ನಡುವೆ ಕಟ್ಟುವಂಥದ್ದು ಏನಾದರೂ ತಿಂದರೆ ವಿಷ ಒಳಗೇ ಉಳಿಯುತ್ತದೆ ಅಂತ ಬೈಯುತ್ತಿದ್ದಳು. ನಮ್ಮ ಕಡೆ ಯಾವ ನಾಟಿ ಔಷಧವಾದರೂ ಹೊಟ್ಟೆ ಸಡಿಲವಾದರೆ ಮಾತ್ರ ಹತ್ತಿತು ಅಂತ ಅರ್ಥ. ನಾನು ಭೇದಿಯಾ ಅಂತ ಕೇಳಿದಾಗ ಅವ್ವ ಇಲ್ಲ ಅಂದದ್ದು ಅವಳ ಪ್ರಕಾರ ಸುಳ್ಳಲ್ಲ. ಭೇದಿ ಅಂದರೆ ರೋಗ, ಇದು ಗುಣ. ಹೇಳಿದರೆ ನಾವು ಗುಳಿಗೆ ಕೊಟ್ಟು ಕಟ್ಟಿಬಿಡುತ್ತೇವೆ ಅಂತ ಅವಳ ಅಂಜಿಕೆ.

ಅರ್ಧ ಕ್ಷಣ ನನಗೂ ಖುಷಿಯೇ ಆಯಿತು ಅಂತ ಹೇಳಿದರೆ ನಂಬುತ್ತೀರೋ ಇಲ್ಲವೋ. ಹತ್ತಿತಲ್ಲ ಅಂತ ಮನಸ್ಸು ಅಂದುಬಿಟ್ಟಿತು. ಆಮೇಲೆ ಡಾಕ್ಟರಮ್ಮನ ಮಾತು ನೆನಪಾಗಿ ಈಳಿಗೆ ಬದಿಗೆ ಸರಿಸಿದೆ. ಅವರಿಗೆ ಫೋನ್ ಮಾಡಿದರೆ, "ಈಗಿಂದೀಗ ಕರಕೊಂಡ್ ಬರ್ರಿ, ತಡಾ ಮಾಡಿದ್ರ ಜೀವಕ್ಕ ಅಪಾಯ ಐತಿ" ಅಂದರು. ನನ್ನ ಗಂಡ ಟೆಂಪೋ ಹೊರಗೆ ತೆಗೆದ. ಹೆಚ್ಚಿದ ಬದನೆಕಾಯಿ ಹಾಗೇ ಬಿಟ್ಟು ಚಿಕ್ಕೇರೂರಿಗೆ ಹೋದೆವು.

ಅವ್ವ ಗೋಡೆಗೆ ಆತು ಕುಂತಿದ್ದಳು. ಕಣ್ಣು ಗುಳಿಬಿದ್ದಿದ್ದವು, ತುಟಿ ಒಣಗಿತ್ತು. ಆದರೆ ಮುಖದಲ್ಲಿ ನನ್ನ ಮೇಲಿನ ಸಿಟ್ಟಿಗೇನೂ ಕೊರತೆ ಇರಲಿಲ್ಲ.

"ನಾ ಬರೂದಿಲ್ಲ. ಹೊರಗ ಬೀಳೂದನ್ನ ನಡುವ ಕಟ್ಟಬ್ಯಾಡ್ರಿ."

"ಯವ್ವಾ, ಅದು ರೋಗ ಅಲ್ಲ. ನಿನ್ನ ಜೀವಾನಽ ಹೊಂಟೈತಿ."

"ಡಾಕ್ಟರ ಬಾಯಾರಽ ಹೇಳಿದ್ರಲ್ಲ, ಮೈಯಾಗಿಂದು ಎಬ್ಬಸತೈತಿ ಅಂತ. ಈಗ ಎದ್ದೈತಿ. ಎದ್ದ ಮ್ಯಾಲೆ ಅಂಜಿದ್ರ ಹೆಂಗ?"

ಅವಳು ಹೇಳುವುದು ತಪ್ಪು ಅಂತ ಗೊತ್ತಿತ್ತು, ಎಲ್ಲಿ ತಪ್ಪು ಅಂತ ಗೊತ್ತಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ಯಾರ ಪರವಾಗಿ ಅಂತ ಅವಳಿಗೂ ಗೊತ್ತಿರಲಿಕ್ಕಿಲ್ಲ. ಕೊನೆಗೆ ವಾದ ಗೆದ್ದವರು ಯಾರೂ ಇಲ್ಲ. ಅವ್ವ ಹಿತ್ತಲಿಗೆ ಹೋಗಲು ಎದ್ದಳು, ಗೋಡೆ ಹಿಡಿದಳು, ಹಾಗೇ ಕುಸಿದಳು. ಎತ್ತಿಕೊಂಡು ಟೆಂಪೋದಲ್ಲಿ ಹಾಕಿದೆವು. ಅವಳು ಇಷ್ಟು ಹಗುರ ಆಗಿದ್ದಾಳೆ ಅಂತ ನನಗೆ ಅಂದಾಜಿರಲಿಲ್ಲ. ಹಾನಗಲ್ ದಾಟಿ ಹುಬ್ಬಳ್ಳಿ ಮುಟ್ಟುವ ತನಕ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾ ಕುಂತಿದ್ದೆ.

ಹುಬ್ಬಳ್ಳಿಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಸ್ಟಿರಾಯ್ಡ್ ಶುರು ಮಾಡಿದರು. ಎಬ್ಬಿಸಿದ ಕಣಗಳು ಗಡ್ಡೆಯ ಮೇಲೆ ಹೋಗುವ ಬದಲು ಅವ್ವನ ಕರುಳಿನ ಮೇಲೇ ಬಿದ್ದಿವೆ, ಅವನ್ನು ತಣ್ಣಗೆ ಮಾಡಬೇಕು ಅಂದರು. ಮೂರನೆಯ ಔಷಧವನ್ನು ಇನ್ನು ಯಾವತ್ತೂ ಕೊಡುವುದಿಲ್ಲ ಅಂತಲೂ ಹೇಳಿದರು.

ನಾನು ತಡೆದುಕೊಳ್ಳಲಿಲ್ಲ. "ಎಬ್ಬಿಸಿದವರೂ ನೀವಽ, ಮಲಗಸಾವರೂ ನೀವಽ. ನಮ್ಮವ್ವ ಏನ್ ನಿಮ್ಮ ಆಟದ ಸಾಮಾನೇನ್ರಿ?" ಅಂತ ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ. ಅವರು ಸಿಟ್ಟಾಗಲಿಲ್ಲ. "ನೀವು ಕೇಳೂದು ಬರೋಬರಿ ಐತ್ರಿ. ಮಲಗಸಲಿಲ್ಲಂದ್ರ ಕರಳು ತೂತ ಬೀಳತೈತಿ. ಈಗ ಬ್ಯಾರೆ ದಾರಿ ಇಲ್ಲ" ಅಂದರು. ಕೂಗಿದವಳಿಗೆ ಎದುರು ಕೂಗಿದ್ದರೆ ಎಷ್ಟೋ ಸಮಾಧಾನ ಇರುತ್ತಿತ್ತು.

ನಾಲ್ಕೈದು ದಿನಕ್ಕೆ ಹೊಟ್ಟೆ ಹಿಡಿತಕ್ಕೆ ಬಂತು. ಕಣ್ಣಲ್ಲಿ ಜೀವ ಬಂದ ಕೂಡಲೇ ಅವ್ವ ಡಾಕ್ಟರಮ್ಮನನ್ನು ಕೈ ಹಿಡಿದು ನಿಲ್ಲಿಸಿಕೊಂಡಳು.

"ಬಾಯಾರ, ಒಂದ ಮಾತು ಖರೆ ಹೇಳ್ರಿ. ಹೊಟ್ಟಿ ಹಂಗ ಕೆಟ್ಟಿತ್ತಲ್ಲ, ಅಂದ್ರ ಅದು ಒಳಗ ಎದ್ದಿತ್ತೋ ಇಲ್ಲೋ?"

ಡಾಕ್ಟರಮ್ಮ ಮಂಚದ ಅಂಚಿಗೆ ಕುಂತರು. ಅವರು ಇಲ್ಲ ಅನ್ನಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಎದ್ದಿತ್ರಿ ಅಮ್ಮಾ. ಹಿಂಗ ತ್ರಾಸ ಆದ ಕೆಲವು ಮಂದಿಯೊಳಗ ಗಡ್ಡಿನೂ ಚಲೋ ಕರಗಿದ್ದು ನೋಡೇವಿ. ಎಲ್ಲಾರಿಗೂ ಹಂಗ ಆಗೂದಿಲ್ಲ. ನಿಮಗ ಆಗತೈತಿ ಅಂತ ನಾ ಮಾತು ಕೊಡೂದಿಲ್ಲ. ಆದ್ರ ಮುಚ್ಚಿಟ್ಟಿದ್ದು ತಪ್ಪರಿ, ಇನ್ನೆರಡು ದಿನ ತಡಾ ಆಗಿದ್ರ ನೀವು ಉಳೀತಿದ್ದಿಲ್ಲ."

ಕೊನೆಯ ಮಾತು ಅವ್ವನ ಕಿವಿಗೆ ಬೀಳಲೇ ಇಲ್ಲ. ನನ್ನ ಕಡೆ ತಿರುಗಿ, "ನಾ ಏನ್ ಹೇಳಿದ್ದೆ?" ಅಂದಳು. ಹಲ್ಲಿಲ್ಲದ ಬಾಯಿ ತುಂಬ ನಗು. ಸಾವಿನ ಬಾಯಿಂದ ಎಳೆದುಕೊಂಡು ಬಂದ ಮಗಳು ನಾನು ಸೋತು ನಿಂತಿದ್ದೆ, ಮಂಚದ ಮೇಲೆ ಮಲಗಿದವಳು ಗೆದ್ದಿದ್ದಳು. ಅವಳು ತಪ್ಪು ಮಾಡಿದ್ದಳೋ ಇಲ್ಲವೋ? ಮಾಡಿದ್ದಳು, ಜೀವ ಹೋಗುವಂಥ ತಪ್ಪು. ಅವಳು ಹೇಳಿದ್ದು ಸುಳ್ಳೋ? ಅದೂ ಅಲ್ಲವಂತೆ. ಇವೆರಡನ್ನೂ ಒಂದೇ ತಲೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕು ಅಂತ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಕೆಲವು ತಿಂಗಳ ಮೇಲೆ ಮತ್ತೆ ಕ್ಯಾಮೆರಾ ಬಿಟ್ಟು ನೋಡಿದರು, ಚೂರು ತೆಗೆದು ಪರೀಕ್ಷಿಸಿದರು, ಸ್ಕ್ಯಾನ್ ಮಾಡಿದರು. ಅನ್ನನಾಳದಲ್ಲಿ ಗಡ್ಡೆ ಕಾಣಲಿಲ್ಲ. ಹೋಯಿತೇ ಅಂತ ಕೇಳಿದೆ. "ಈಗ ಕಾಣವಲ್ದು" ಅಂದರು. ಮೂರರಲ್ಲಿ ಯಾವುದಕ್ಕೆ ಹೋಯಿತು ಅಂತ ಕೇಳಿದೆ. ಅದನ್ನು ಒಬ್ಬರ ಮೈ ನೋಡಿ ಹೇಳಲಾಗದು ಅಂದರು. ಮೂರನೆಯದನ್ನು ಪೂರ್ತಿ ಕೊಡಲಿಲ್ಲವಲ್ಲ, ಅದರಿಂದ ತಿರುಗಿ ಬರಬಹುದೇ ಅಂತ ಕೇಳಿದೆ. ಬರಬಹುದು, ಬರದೆಯೂ ಇರಬಹುದು, ಬಿಟ್ಟ ಮೇಲೂ ಅದರ ಕೆಲಸ ಬಹಳ ದಿನ ನಡೆಯುವುದುಂಟು ಅಂದರು. ಮನುಷ್ಯರು ಇಷ್ಟು ನಿಯತ್ತಿನಿಂದ ಮಾತಾಡಿದರೆ ಕೇಳುವವರು ಹೇಗೆ ಬದುಕಬೇಕು?

ಅವ್ವ ಈಗ ಹಾನಗಲ್ಲಿನಲ್ಲೇ ಇದ್ದಾಳೆ. ಮೆತ್ತಗಿನ ಅನ್ನ, ಹಾಲಿನಲ್ಲಿ ಹಿಚುಕಿದ ರೊಟ್ಟಿ ಇಳಿಯುತ್ತವೆ. ನನ್ನೆದುರೇ ಉಣ್ಣಬೇಕು ಅಂತ ಕಟ್ಟಪ್ಪಣೆ ಮಾಡಿದ್ದೇನೆ, ಬೈಯುತ್ತಾ ಉಣ್ಣುತ್ತಾಳೆ. ಮೊನ್ನೆ ಸವಣೂರಿನ ಕಡೆಯ ಒಬ್ಬರು ಹುಡುಕಿಕೊಂಡು ಬಂದಿದ್ದರು. ಅವರ ಹೆಂಡತಿಗೂ ಇದೇ ರೋಗವಂತೆ. "ಯಾವ ಔಷಧಕ್ಕ ಗುಣಾತ್ರಿ? ಅದೊಂದನ್ನಽ ಕೊಡ್ರಿ ಅಂತ ಕೇಳತೇವಿ" ಅಂದರು. ಊಟಕ್ಕೆ ಕೂರಿಸಿದೆ, ಇನ್ನೊಂದು ರೊಟ್ಟಿ ಬಡಿಸಿದೆ. ಹುಬ್ಬಳ್ಳಿಗೆ ಹೋಗಿ, ಹೊಟ್ಟೆ ಕೆಟ್ಟರೆ ಮುಚ್ಚಿಡಬೇಡಿ, ಇಷ್ಟು ಮಾತ್ರ ನನಗೆ ಗೊತ್ತು ಅಂತ ಹೇಳಿ ಕಳಿಸಿದೆ.

ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹೊಟ್ಟೆ ಹೇಗಿದೆ ಅಂತ ಅವ್ವನನ್ನು ಕೇಳುತ್ತೇನೆ. ಈಗ ಏನೂ ಮುಚ್ಚಿಡುವುದಿಲ್ಲ. ಸರಿಯಿದೆ ಅಂದರೆ ಜೀವ ತಣ್ಣಗಾಗುತ್ತದೆ, ಬೆನ್ನಿಗೇ, ಹೊಲ ಕಾಯುವವನು ಮತ್ತೆ ಮಲಗಿದನೇನೋ ಅನ್ನುವ ಇನ್ನೊಂದು ಅಂಜಿಕೆ ಹುಟ್ಟುತ್ತದೆ. ಸರಿಯಿಲ್ಲ ಅಂದರೆ ಏನಾದೀತು ಅಂತಲೂ ಗೊತ್ತು. ಯಾವ ಉತ್ತರ ಬರಲಿ ಅಂತ ಬೇಡಿಕೊಳ್ಳಬೇಕೋ ತಿಳಿಯದೇ ದಿನಾ ಕೇಳುತ್ತೇನೆ.

ಇವತ್ತು ನಾನು ಕೇಳುವ ಮೊದಲೇ ಹಿತ್ತಲಿನಿಂದ ಬಂದು ನನ್ನ ಪಕ್ಕ ಕುಂತಳು. ಮುಖ ಸಪ್ಪಗಾಗಿತ್ತು.

"ಇವತ್ತೂ ಗಟ್ಟೀನಽ ಐತಿ ನೋಡು" ಅಂದಳು.

"ಚಲೋನಽ ಆತಲ್ಲಬೇ."

"ಖರೇನ?" ಅಂದಳು, ಸಣ್ಣ ಕೂಸಿನ ಹಾಗೆ ನನ್ನ ಮುಖವನ್ನೇ ನೋಡುತ್ತಾ.

ಖರೇನಽ ಅಂದೆ. ಹೇಳುವಾಗ ಅವಳ ಕಣ್ಣು ನೋಡುವ ಧೈರ್ಯ ನನಗಾಗಲಿಲ್ಲ.